ನರ್ಸಿಂಗ್ ಪುಸ್ತಕದ ಉದ್ದುದ್ದ ಇಂಗ್ಲಿಷ್ ಪದಗಳು: ಬಾಯಿಪಾಠ ಬಿಟ್ಟು ಬೇರೆ ದಾರಿ ಇದೆಯಾ?

ಬೆಳ್ಳಿಚುಕ್ಕಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮೊದಲ ವರ್ಷ ಓದುತ್ತಿದ್ದೇನೆ. ನಮ್ಮೂರು ಕುಷ್ಟಗಿ ಹತ್ತಿರದ ಹಳ್ಳಿ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಪಿಯುಸಿಯಲ್ಲಿ ಆರ್ಟ್ಸ್. ಈಗ ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿ ಎಲ್ಲಾ ಇಂಗ್ಲಿಷಿನಲ್ಲೇ. ಪಾಠ ಅರ್ಥವಾಗುತ್ತದೆ. ಮೇಡಂ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಿದರೆ ಚೆನ್ನಾಗಿಯೇ ತಿಳಿಯುತ್ತದೆ. ಆದರೆ ಪದಗಳು ತಲೆಯಲ್ಲಿ ನಿಲ್ಲುವುದಿಲ್ಲ. ರಾತ್ರಿ ಬಾಯಿಪಾಠ ಮಾಡಿದ್ದು ಬೆಳಿಗ್ಗೆ ಇರುವುದಿಲ್ಲ. ಸ್ಪೆಲ್ಲಿಂಗ್ ಇನ್ನೂ ಕಷ್ಟ.

ಹೋದ ವಾರ ನಮ್ಮನ್ನು ಸರ್ಜರಿ ವಾರ್ಡಿಗೆ ಹಾಕಿದ್ದರು. ಒಬ್ಬ ಅಜ್ಜನ ಕೇಸ್ ಶೀಟಿನಲ್ಲಿ 'ಕೋಲಿಸಿಸ್ಟೆಕ್ಟಮಿ' ಅಂತ ಬರೆದಿತ್ತು. ಪಕ್ಕದಲ್ಲಿ ಕೂತಿದ್ದ ಅಜ್ಜಿ ನನ್ನ ಕೈ ಹಿಡಿದು, "ಏನ್ ಆಪರೇಷನ್ ಮಾಡ್ಯಾರವ್ವಾ ಇವರಿಗೆ?" ಅಂತ ಕೇಳಿದರು. ನನಗೆ ಹೇಳಲು ಬರಲಿಲ್ಲ. ಸಿಸ್ಟರ್‌ನ ಕೇಳಿ ಬರುತ್ತೇನೆ ಅಂದೆ, ಅಷ್ಟರಲ್ಲಿ ನಮ್ಮ ಡ್ಯೂಟಿ ಮುಗಿಯಿತು.

ಒಂದು ವಿಷಯ ಮಾತ್ರ ಗಮನಿಸಿದ್ದೇನೆ. ಹೆಪಟೈಟಿಸ್, ಗ್ಯಾಸ್ಟ್ರೈಟಿಸ್, ನೆಫ್ರೈಟಿಸ್, ಇವೆಲ್ಲದರ ಕೊನೆ ಒಂದೇ ಥರ ಇದೆ. ಅಂದರೆ ಈ ಪದಗಳನ್ನು ತುಂಡು ತುಂಡು ಜೋಡಿಸಿ ಮಾಡಿದ್ದಾರೆ ಅಂತಾಯಿತು, ಅಲ್ವಾ? ಹಾಗಿದ್ದರೆ ಎಲ್ಲಿಂದ ಶುರು ಮಾಡಬೇಕು? ಇದಕ್ಕೆ ಗ್ರೀಕ್, ಲ್ಯಾಟಿನ್ ಕಲಿಯಬೇಕಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ವಾರ್ಡಿನ ಅಕ್ಕ, ದಾವಣಗೆರೆ

ತಂಗಿ, 'ಐಟಿಸ್' ಅನ್ನುವ ಕೊನೆಯನ್ನು ನೀನೇ ಹಿಡಿದಿದ್ದೀಯಲ್ಲ, ಅಲ್ಲಿಂದಲೇ ಶುರು ಮಾಡೋಣ. ನಾನೂ ಕನ್ನಡ ಮೀಡಿಯಂನಿಂದ ಬಂದವಳು. ಈಗ ಹೊಸದಾಗಿ ಬರುವ ಹುಡುಗಿಯರಿಗೆ ವಾರ್ಡಿನಲ್ಲಿ ಕೆಲಸ ಕಲಿಸುತ್ತೇನೆ. ಪ್ರತಿ ಬ್ಯಾಚಿಗೂ ಮೊದಲು ಹೇಳುವ ಮಾತು ಒಂದೇ: ಈ ಪದಗಳನ್ನು ಹಿಂದಿನಿಂದ ಓದಿ.

ಕೊನೆಯ ತುಂಡು ಏನಾಗಿದೆ, ಅಥವಾ ಏನು ಮಾಡಿದ್ದಾರೆ ಅನ್ನುವುದನ್ನು ಹೇಳುತ್ತದೆ. ಮುಂದಿನ ತುಂಡು ಎಲ್ಲಿ ಅನ್ನುವುದನ್ನು ಹೇಳುತ್ತದೆ. ಐಟಿಸ್ ಅಂದರೆ ಉರಿಯೂತ. ನಮ್ಮ ಕನ್ನಡ ಪದ ಎಷ್ಟು ಚೆನ್ನಾಗಿದೆ ನೋಡು: ಉರಿ, ಊತ. ಕೆಂಪಾಗುವುದು, ಬಿಸಿಯಾಗುವುದು, ಊದುವುದು, ನೋಯುವುದು ಅಂತ ನಾಲ್ಕು ಲಕ್ಷಣ ಕ್ಲಾಸಿನಲ್ಲಿ ಬರೆಸುತ್ತಾರಲ್ಲ, ಅದರಲ್ಲಿ ಎರಡು ಆ ಒಂದು ಪದದೊಳಗೇ ಇವೆ. ಇನ್ನು ಜಾಗ. 'ಹೆಪಟ್' ಲಿವರ್. 'ನೆಫ್ರ್' ಕಿಡ್ನಿ. 'ಗ್ಯಾಸ್ಟ್ರ್' ಜಠರ. 'ಆರ್ಥ್ರ್' ಕೀಲು. 'ಡರ್ಮಟ್' ಚರ್ಮ. 'ರೈನ್' ಮೂಗು. 'ಎನ್ಸೆಫಲ್' ಮಿದುಳು. ಈ ಕೊನೆಯದನ್ನು ಇನ್ನೂ ಒಡೆಯಬಹುದು: 'ಎನ್' ಒಳಗೆ, 'ಸೆಫಲ್' ತಲೆ. ತಲೆಯೊಳಗೆ ಇರುವುದು. ನಿಮ್ಮ ಕೊಪ್ಪಳ, ರಾಯಚೂರು ಕಡೆ ಮಕ್ಕಳಿಗೆ ಜೆಇ ಲಸಿಕೆ ಹಾಕುತ್ತಾರಲ್ಲ, ಅದು ಜಪಾನೀಸ್ ಎನ್ಸೆಫಲೈಟಿಸ್, ಅದರ 'ಇ' ಅಂದರೆ ಇದೇ.

ಗ್ರೀಕ್ ಕಲಿಯಬೇಕಾಗಿಲ್ಲ. ಮೊದಲ ವರ್ಷಕ್ಕೆ ಒಂದು ಸಣ್ಣ ನೋಟ್‌ಬುಕ್ ತುಂಬುವಷ್ಟು ತುಂಡುಗಳು ಗೊತ್ತಿದ್ದರೆ ಸಾಕು. ಆದರೆ ಗ್ರೀಕ್ ಎಲ್ಲಿಂದ ಬಂತು ಅನ್ನುವುದು ಗೊತ್ತಿರಲಿ, ಆಗ ಗೊಂದಲ ಕಡಿಮೆ. ವೈದ್ಯದ ಮೊದಲ ಪುಸ್ತಕಗಳು ಯುರೋಪಿನಲ್ಲಿ ಗ್ರೀಕಿನಲ್ಲಿದ್ದವು. ಆಮೇಲೆ ನೂರಾರು ವರ್ಷ ಅಲ್ಲಿನ ಡಾಕ್ಟರುಗಳು ಲ್ಯಾಟಿನ್‌ನಲ್ಲಿ ಬರೆದರು. ಹಾಗಾಗಿ ಇಂಗ್ಲಿಷಿನಲ್ಲಿ ಒಂದೇ ಅಂಗಕ್ಕೆ ಎರಡು ಮೂರು ಹೆಸರು ಉಳಿದುಕೊಂಡಿವೆ. ಮನೆಮಾತಿನಲ್ಲಿ ಕಿಡ್ನಿ. ಗ್ರೀಕ್ ಕಡೆಯಿಂದ ನೆಫ್ರ್, ನೆಫ್ರಾಲಜಿ. ಲ್ಯಾಟಿನ್ ಕಡೆಯಿಂದ ರೀನಲ್, ರೀನಲ್ ಫೇಲ್ಯೂರ್. ನಮ್ಮಲ್ಲೂ ಹೀಗೇ ಅಲ್ವಾ? ಮನೆಯಲ್ಲಿ ಕಣ್ಣು, ಹಲ್ಲು ಅನ್ನುತ್ತೇವೆ. ಆಸ್ಪತ್ರೆ ಬೋರ್ಡಿನ ಮೇಲೆ ನೇತ್ರ ವಿಭಾಗ, ದಂತ ವಿಭಾಗ ಅಂತ ಇರುತ್ತದೆ. ನೇತ್ರ ಅಂದರೆ ಕಣ್ಣೇ ಅಂತ ನಿನಗೆ ಯಾರೂ ಬಾಯಿಪಾಠ ಮಾಡಿಸಲಿಲ್ಲ.

ಈಗ ಆ ಅಜ್ಜನ ಆಪರೇಷನ್. ಕೋಲಿಸಿಸ್ಟೆಕ್ಟಮಿ. ಹಿಂದಿನಿಂದ ಬಾ. 'ಎಕ್ಟಮಿ' ಅಂದರೆ ಕತ್ತರಿಸಿ ಹೊರಗೆ ತೆಗೆಯುವುದು. 'ಕೋಲಿ' ಪಿತ್ತ. 'ಸಿಸ್ಟ್' ಚೀಲ. ಪಿತ್ತದ ಚೀಲ ತೆಗೆಯುವುದು. ನಮ್ಮ ಪುಸ್ತಕದ ಕನ್ನಡದಲ್ಲಿ ಪಿತ್ತಕೋಶ ಅಂತಾರೆ, ಅದರಲ್ಲೂ ಇವೇ ಎರಡು ತುಂಡು, ಅದೇ ಕ್ರಮದಲ್ಲಿ. ಡಾಕ್ಟರು ಆಪರೇಷನ್ನಿಗೆ ಮೊದಲೇ ಮನೆಯವರಿಗೆ ಹೇಳಿರುತ್ತಾರೆ. ಆದರೆ ಗಾಬರಿಯಲ್ಲಿ ಆ ಮಾತು ಅವರ ಕಿವಿಗೆ ಬಿದ್ದಿರುವುದಿಲ್ಲ. ಆಗ ಅವರು ಕೇಳುವುದು ನಮ್ಮನ್ನೇ. "ಪಿತ್ತದ ಚೀಲದಾಗ ಹರಳು ಆಗಿದ್ದವು, ಆ ಚೀಲ ತೆಗೆದಾರಬೇ" ಅಂತ ಒಂದು ಮಾತು ಹೇಳಿದರೆ ಅಜ್ಜಿಗೆ ಎಷ್ಟೋ ಸಮಾಧಾನ. (ಹರಳಿಗಾಗಿಯೇ ತೆಗೆದದ್ದಾ ಅಂತ ಕೇಸ್ ಶೀಟ್ ನೋಡಿ, ಸ್ಟಾಫ್‌ನ ಕೇಳಿಕೊಂಡೇ ಹೇಳು.) ಈ ತುಂಡುಗಳನ್ನು ಕಲಿಯುವುದು ಪರೀಕ್ಷೆಗಿಂತ ಜಾಸ್ತಿ ಇದಕ್ಕೇ ಅಂತ ನಾನು ನಂಬಿದ್ದೇನೆ. ಪದ ಒಡೆದರೆ ಒಳಗೆ ಕನ್ನಡದಲ್ಲಿ ಹೇಳಬಹುದಾದ ಒಂದು ಸಣ್ಣ ವಾಕ್ಯ ಸಿಗುತ್ತದೆ.

ಆಪರೇಷನ್ ಪದಗಳಲ್ಲಿ ಮೂರು ಕೊನೆಗಳು ಕಿವಿಗೆ ಒಂದೇ ಥರ ಕೇಳಿಸುತ್ತವೆ. ಇಲ್ಲಿ ಸ್ವಲ್ಪ ನಿಲ್ಲು. 'ಟಮಿ' ಅಂದರೆ ಕೊಯ್ದು ತೆರೆಯುವುದು. ಲ್ಯಾಪರಾಟಮಿಯಲ್ಲಿ ಹೊಟ್ಟೆ ತೆರೆಯುತ್ತಾರೆ. 'ಎಕ್ಟಮಿ' ತೆಗೆದೇಬಿಡುವುದು. ಇದರ 'ಎಕ್' ಅಂದರೆ ಹೊರಗೆ. ಹಿಸ್ಟರೆಕ್ಟಮಿಯಲ್ಲಿ ಗರ್ಭಕೋಶ ತೆಗೆಯುತ್ತಾರೆ. 'ಆಸ್ಟಮಿ' ಅಂದರೆ ಬಾಯಿ ಮಾಡುವುದು. ಇದರೊಳಗೆ ಇರುವುದು ಗ್ರೀಕಿನ 'ಸ್ಟೋಮಾ', ಅಂದರೆ ಬಾಯಿ. ಕೊಲಾಸ್ಟಮಿಯಲ್ಲಿ ದೊಡ್ಡ ಕರುಳಿಗೆ ಹೊಟ್ಟೆಯ ಮೇಲೆ ಬಾಯಿ ಮಾಡಿ ಬ್ಯಾಗ್ ಹಾಕಿರುತ್ತಾರೆ. ಆ ಬ್ಯಾಗ್ ಬದಲಿಸುವ ಕೆಲಸ ನಮ್ಮದೇ. ಕೊಲೆಕ್ಟಮಿ ಅಂದರೆ ಬೇರೆ, ಅಲ್ಲಿ ಆ ಕರುಳನ್ನೇ ತೆಗೆದಿರುತ್ತಾರೆ. ಸ್ಪೆಲ್ಲಿಂಗಿನಲ್ಲಿ ಎರಡು ಮೂರು ಅಕ್ಷರದ ವ್ಯತ್ಯಾಸ, ಪೇಷಂಟಿಗೆ ಬದುಕಿನ ವ್ಯತ್ಯಾಸ. ಇನ್ನೊಂದು: ಈ 'ಟಮ್' ಅನ್ನುವ ತುಂಡು ನಿನ್ನ ಮೊದಲ ಪುಸ್ತಕದ ಹೆಸರಿನಲ್ಲೇ ಇದೆ. ಅನಾಟಮಿ, ಅಂದರೆ ಪೂರ್ತಿ ಕೊಯ್ದು ನೋಡುವುದು. ಹೈಸ್ಕೂಲಿನ ಆಟಮ್ಮಿನಲ್ಲೂ ಅದೇ ಇದೆ: ಕತ್ತರಿಸಲು ಆಗದ್ದು.

ಸ್ಪೆಲ್ಲಿಂಗ್ ಬಗ್ಗೆ. ತುಂಡು ಗೊತ್ತಾದರೆ ಸ್ಪೆಲ್ಲಿಂಗ್ ಅರ್ಧ ಹಗುರ. ನಡುವೆ ಬರುವ 'ಓ' ಬರೀ ಅಂಟು. ಕಾರ್ಡಿ-ಓ-ಲಜಿ. ಆಮೇಲಿನ ಕೊನೆ ಸ್ವರದಿಂದ ಶುರುವಾದರೆ ಆ ಓ ಬೇಡ, ಗ್ಯಾಸ್ಟ್ರೈಟಿಸ್ ಅನ್ನುತ್ತೇವೆ. ಎರಡು ಅಂಗ ಜೊತೆಗೆ ಬಂದರೆ ಮಾತ್ರ ಸ್ವರ ಇದ್ದರೂ ಓ ಉಳಿಯುತ್ತದೆ: ಗ್ಯಾಸ್ಟ್ರೋಎಂಟರೈಟಿಸ್, ಜಠರ ಮತ್ತು ಕರುಳು ಎರಡಕ್ಕೂ. ಕೇಳಿಸದ ಅಕ್ಷರಗಳಿಗೂ ಕಾರಣ ಇರುತ್ತದೆ. ಮಸಲ್ ಅನ್ನುವಾಗ ನಡುವಿನ ಸಿ ಕೇಳಿಸುವುದಿಲ್ಲ. ಐಎಂ ಇಂಜೆಕ್ಷನ್ ಪೂರ್ತಿ ಹೇಳು, ಇಂಟ್ರಾಮಸ್ಕ್ಯುಲರ್. ಈಗ 'ಕ' ಕೇಳಿಸಿತು. ಎರಡರಲ್ಲೂ ತುಂಡು ಒಂದೇ ಅಂತ ಕಣ್ಣಿಗೆ ತೋರಿಸಲು ಆ ಸಿ ಅಲ್ಲಿ ಇದೆ. ಮತ್ತೆ ನಮ್ಮ ಪುಸ್ತಕಗಳಲ್ಲಿ ಬ್ರಿಟಿಷ್, ಅಮೆರಿಕನ್ ಎರಡೂ ಬೆರೆತಿರುತ್ತವೆ. ಅನೀಮಿಯಾವನ್ನು ಒಂದು ಕಡೆ ಎ-ಇ ಹಾಕಿ ಬರೆದರೆ ಇನ್ನೊಂದು ಕಡೆ ಬರೀ ಇ. ಎರಡೂ ಸರಿ. ಒಂದು ಪೇಪರಿನಲ್ಲಿ ಒಂದೇ ಥರ ಬರೆ, ಅಷ್ಟೇ.

ಕೊನೆಗೆ ಒಂದು ಎಚ್ಚರಿಕೆ. ಹೈಪರ್ ಅಂದರೆ ಜಾಸ್ತಿ, ಹೈಪೋ ಅಂದರೆ ಕಡಿಮೆ. ಹೈಪರ್‌ಗ್ಲೈಸೀಮಿಯಾ, ಹೈಪೋಗ್ಲೈಸೀಮಿಯಾ. 'ಗ್ಲೈಸ್' ಸಿಹಿ, 'ಈಮಿಯಾ' ರಕ್ತದಲ್ಲಿ. ಗದ್ದಲದ ವಾರ್ಡಿನಲ್ಲಿ ಇವೆರಡೂ ಒಂದೇ ಥರ ಕೇಳಿಸುತ್ತವೆ, ಆದರೆ ಕೊಡುವ ಔಷಧಿ ಪೂರ್ತಿ ಉಲ್ಟಾ. ಒಬ್ಬರಿಗೆ ಇನ್ಸುಲಿನ್, ಇನ್ನೊಬ್ಬರಿಗೆ ಗ್ಲೂಕೋಸ್. ಸರಿಯಾಗಿ ಕೇಳಿಸದಿದ್ದರೆ ಊಹೆ ಮಾಡಬೇಡ. ಎಷ್ಟೇ ಸೀನಿಯರ್ ಆದರೂ ತಿರುಗಿ ಕೇಳು.

ಹಳೇ ಮೇಷ್ಟ್ರು, ಮೈಸೂರು

ನಾನು ವೈದ್ಯಕೀಯದವನಲ್ಲ ತಾಯಿ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ. ನಿಮ್ಮ ಅಕ್ಕ ಬರೆದದ್ದನ್ನು ಓದಿ ಬಹಳ ಸಂತೋಷವಾಯಿತು. ಒಂದು ವಿಷಯ ಸೇರಿಸಬೇಕು ಅನ್ನಿಸಿತು. ಕನ್ನಡ ಮೀಡಿಯಂ ಅಂತ ಹಿಂಜರಿಯಬೇಡಿ. ಈ ತುಂಡುಗಳಲ್ಲಿ ಹಲವನ್ನು ನೀವು ಆಗಲೇ ಬಲ್ಲಿರಿ.

ಇಲ್ಲ ಅನ್ನುವ ಅರ್ಥಕ್ಕೆ ಸಂಸ್ಕೃತದಲ್ಲಿ 'ಅ' ಸೇರಿಸುತ್ತಾರೆ: ಜ್ಞಾನ, ಅಜ್ಞಾನ. ಮುಂದೆ ಸ್ವರ ಬಂದರೆ 'ಅನ್' ಆಗುತ್ತದೆ: ಉಚಿತ, ಅನುಚಿತ. ಆರೋಗ್ಯ, ಅನಾರೋಗ್ಯ. ಗ್ರೀಕಿನಲ್ಲೂ ಇದೇ ನಿಯಮ ಇದೆ. ವ್ಯಂಜನ ಬಂದರೆ ಅ: ಉಸಿರು ನಿಂತರೆ ಆಪ್ನಿಯಾ, ಮಾತು ಹೋದರೆ ಅಫೇಸಿಯಾ. ಸ್ವರ ಬಂದರೆ ಅನ್: ಮೂತ್ರ ಬಾರದಿದ್ದರೆ ಅನೂರಿಯಾ, ಸ್ಪರ್ಶ ತಿಳಿಯದಿದ್ದರೆ ಅನಸ್ತೇಷಿಯಾ. ಇದು ಆಕಸ್ಮಿಕವಲ್ಲ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಒಂದೇ ಕುಟುಂಬದ ಭಾಷೆಗಳು. ಕಲ್ಕತ್ತದಲ್ಲಿ ನ್ಯಾಯಾಧೀಶನಾಗಿದ್ದ ವಿಲಿಯಂ ಜೋನ್ಸ್ 1786ರಲ್ಲಿ ಏಷ್ಯಾಟಿಕ್ ಸೊಸೈಟಿಯ ಭಾಷಣದಲ್ಲಿ ಇದನ್ನು ಹೇಳಿದ ಮೇಲೆ ಈ ನಂಟಿನ ಬಗ್ಗೆ ದೊಡ್ಡ ಅಧ್ಯಯನವೇ ಬೆಳೆಯಿತು.

ಇನ್ನೂ ನೋಡಿ. ದುರ್ಗಂಧ, ದುಸ್ಥಿತಿಯ 'ದುಸ್' ಗ್ರೀಕಿನಲ್ಲಿ 'ಡಿಸ್'. ಡಿ-ವೈ-ಎಸ್ ಅಂತ ಬರೆಯುತ್ತಾರೆ. ಡಿಸ್ಪ್ನಿಯಾ ಅಂದರೆ ಉಸಿರಾಟಕ್ಕೆ ಕಷ್ಟ. ಪರಿಸರ, ಪರಿಧಿಯ 'ಪರಿ' ಅಲ್ಲಿ 'ಪೆರಿ'. ಪೆರಿಕಾರ್ಡಿಯಂ ಹೃದಯದ ಸುತ್ತಲಿನ ಪೊರೆ. ಹೈಪರ್ ನಮ್ಮ 'ಉಪರಿ'ಯ ನೆಂಟ, ಹೈಪೋ 'ಉಪ'ದ ನೆಂಟ. ಉಪಮುಖ್ಯಾಧ್ಯಾಪಕ, ಉಪಾಧ್ಯಕ್ಷ ಅನ್ನುವಲ್ಲಿ ಉಪ ಅಂದರೆ ಕೆಳಗಿನವರು ಅಂತಲ್ಲವೇ, ಹಾಗೆ ಹೈಪೋ ಕಡಿಮೆ ಅಂತ ನೆನಪಿಡಬಹುದು. ಅಕ್ಕ ಹೇಳಿದ ಹೆಪಟ್ ಕೂಡ ಸಂಸ್ಕೃತದ ಯಕೃತ್‌ಗೆ ಸಂಬಂಧಿ. ಕೇಳಿದರೆ ಹಾಗೆ ಅನ್ನಿಸುವುದೇ ಇಲ್ಲ, ಆದರೆ ಭಾಷಾ ವಿದ್ವಾಂಸರು ಒಪ್ಪಿರುವ ಮಾತು.

ಸಂಧಿಯೂ ಇದೆ. ಇಂಗ್ಲಿಷಿನಲ್ಲಿ 'ಇನ್' ಅಂದರೆ ಇಲ್ಲ. ಮುಂದೆ ಪ, ಬ, ಮ ಬಂದರೆ ಅದು 'ಇಮ್' ಆಗುತ್ತದೆ: ಇಂಬ್ಯಾಲೆನ್ಸ್, ಇಮ್ಮೊಬೈಲ್. ರ ಬಂದರೆ 'ಇರ್': ಇರೆಗ್ಯುಲರ್. ಬರೆಯುವಾಗ ಎರಡು ಆರ್ ಯಾಕೆ ಅಂತ ಮಕ್ಕಳು ಕೇಳುತ್ತಾರೆ. ಒಂದು ಆರ್ ಇನ್ ಬದಲಾಗಿ ಬಂದದ್ದು, ಇನ್ನೊಂದು ರೆಗ್ಯುಲರಿನದ್ದು. ಸತ್ ಮತ್ತು ಜನ ಸೇರಿ ಸಜ್ಜನ ಆದಾಗ ಜಕಾರ ಎರಡು ಬಂದ ಹಾಗೆಯೇ ಇದು.

ನಮ್ಮ ಕನ್ನಡ ಮಾತ್ರ ಬೇರೆ ಕುಟುಂಬದ್ದು. ಅಚ್ಚಗನ್ನಡದಲ್ಲಿ ತುಂಡುಗಳೆಲ್ಲ ಹಿಂದೆ ಸೇರುತ್ತವೆ. ಬಳೆ, ಬಳೆಗಾರ, ಬಳೆಗಾರರು, ಬಳೆಗಾರರಿಗೂ. ಹಿಂದಿನಿಂದ ಓದಿ ಅಂತ ಅಕ್ಕ ಹೇಳಿದ್ದು ನಮ್ಮ ಮಕ್ಕಳಿಗೆ ಸುಲಭವಾಗಲೇಬೇಕು. ಹತ್ತನೇ ತರಗತಿಯಲ್ಲಿ ತದ್ಧಿತ, ಕೃದಂತ ಅಂತ ಕಲಿತದ್ದು ಇದೇ ವಿದ್ಯೆ.

ಮದ್ದಿನಂಗಡಿ, ಪುತ್ತೂರು

ನನ್ನದು ಮೆಡಿಕಲ್ ಶಾಪ್. ಫಾರ್ಮಸಿ ಓದಿದವನು. ಔಷಧಿ ಹೆಸರುಗಳಲ್ಲಿ ಕೂಡ ಈ ತುಂಡುಗಳು ಇವೆ. ಅಲ್ಲಿ ಅವನ್ನು ಕೂತು ಯೋಚನೆ ಮಾಡಿಯೇ ಇಟ್ಟಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 1953ರಿಂದ ಔಷಧಿಗಳಿಗೆ ಇಡೀ ಜಗತ್ತಿಗೆ ಒಂದೇ ಹೆಸರು ಇರಲಿ ಅಂತ ಪಟ್ಟಿ ಹೊರಡಿಸುತ್ತಿದೆ. ಒಂದು ಜಾತಿಯ ಔಷಧಿಗಳಿಗೆ ಒಂದೇ ಕೊನೆ ಇಡುವುದು ಅದರ ಪದ್ಧತಿ.

ನಾವು ದಿನಾ ಕೊಡುವುದನ್ನೇ ಹೇಳುತ್ತೇನೆ. ಅಟೆನೊಲಾಲ್, ಮೆಟೊಪ್ರೊಲಾಲ್: ಕೊನೆ 'ಒಲಾಲ್', ಬೀಟಾ ಬ್ಲಾಕರ್. ಹೃದಯದ ಬಡಿತ ನಿಧಾನ ಮಾಡುತ್ತವೆ, ಅದಕ್ಕೇ ಕೊಡುವ ಮೊದಲು ನೀವು ಪಲ್ಸ್ ನೋಡಬೇಕು. ಟೆಲ್ಮಿಸಾರ್ಟಾನ್, ಲೋಸಾರ್ಟಾನ್: 'ಸಾರ್ಟಾನ್', ಬಿಪಿಗೆ. ಆಮ್ಲೊಡಿಪಿನ್: 'ಡಿಪಿನ್', ಅದೂ ಬಿಪಿಗೆ, ಕೆಲಸ ಮಾಡುವ ದಾರಿ ಬೇರೆ. ಪ್ಯಾಂಟೊಪ್ರಜೋಲ್, ರಬೆಪ್ರಜೋಲ್: 'ಪ್ರಜೋಲ್', ಹೊಟ್ಟೆಯ ಆಸಿಡ್ ಕಡಿಮೆ ಮಾಡುವುದು. ಅಟೊರ್ವಾಸ್ಟಾಟಿನ್: 'ವಾಸ್ಟಾಟಿನ್', ಕೊಲೆಸ್ಟ್ರಾಲಿಗೆ. ಸಿಟಾಗ್ಲಿಪ್ಟಿನ್: 'ಗ್ಲಿಪ್ಟಿನ್', ಶುಗರಿಗೆ.

ಎರಡು ಮಾತು ನೆನಪಿಡಿ. ಇದು ಸ್ಟ್ರಿಪ್ಪಿನ ಮೇಲೆ ದೊಡ್ಡದಾಗಿ ಇರುವ ಕಂಪನಿ ಹೆಸರಿಗೆ ಅನ್ವಯಿಸುವುದಿಲ್ಲ. ಕಂಪನಿಗಳು ತಮಗೆ ಬೇಕಾದ ಹೆಸರು ಇಡುತ್ತವೆ. ಜನರಿಕ್ ಹೆಸರನ್ನು ಓದಿ. ಎರಡನೆಯದು, ಕೊನೆಯನ್ನು ಪೂರ್ತಿ ಓದಿ. ಅರಿಪಿಪ್ರಜೋಲ್ ಅಂತ ಒಂದಿದೆ. ಅರ್ಧ ಓದಿದವರು ಪ್ರಜೋಲ್ ಅಂತ ಹೊಟ್ಟೆಗೆ ಅಂದುಕೊಳ್ಳುತ್ತಾರೆ. ಅದು ಮಾನಸಿಕ ಕಾಯಿಲೆಯ ಮದ್ದು. ಅದರ ಕೊನೆ 'ಪಿಪ್ರಜೋಲ್'. ಕನ್ನಡದಲ್ಲಿ ಬರೆದರೆ ಕಾಣದ ವ್ಯತ್ಯಾಸವೂ ಉಂಟು. ಸ್ಟ್ರೆಪ್ಟೊಮೈಸಿನ್‌ಗೆ ಎಂ-ವೈ, ಜೆಂಟಾಮೈಸಿನ್‌ಗೆ ಎಂ-ಐ. ಮೊದಲನೆಯದು ಸ್ಟ್ರೆಪ್ಟೊಮೈಸಿಸ್ ಅನ್ನುವ ಬ್ಯಾಕ್ಟೀರಿಯಾದಿಂದ ಬಂದದ್ದು, ಎರಡನೆಯದು ಮೈಕ್ರೊಮೊನೊಸ್ಪೊರಾ ಅನ್ನುವ ಬೇರೆ ಬ್ಯಾಕ್ಟೀರಿಯಾದಿಂದ. ಒಂದು ಅಕ್ಷರದಲ್ಲಿ ಮೂಲ ಬರೆದಿಟ್ಟಿದ್ದಾರೆ.

ಎರಡನೇ ವರ್ಷ ಎಂಬಿಬಿಎಸ್

ಎಲ್ಲರೂ ಹೇಳಿದ್ದು ಸರಿ. ಆದರೆ ತುಂಡು ಅಂದರೆ ಸುಳಿವು, ಉತ್ತರ ಅಲ್ಲ. ಇದನ್ನು ಸ್ವಲ್ಪ ಒತ್ತಿ ಹೇಳಬೇಕು ಅನ್ನಿಸುತ್ತದೆ.

ಆರ್ಥೋಪೀಡಿಕ್ಸ್ ತಗೊಳ್ಳಿ. 'ಪೆಡ್' ಅಂದರೆ ಕಾಲು, ಪೆಡಲ್ ಥರ, ಅಂತ ಎಷ್ಟೋ ಜನ ಹೇಳುತ್ತಾರೆ. ಅದು ಪೀಡಿಯಾಟ್ರಿಕ್ಸ್‌ನ 'ಪೀಡ್', ಅಂದರೆ ಮಗು. ಆ ಪದ ಮಾಡಿದವರು ಫ್ರಾನ್ಸಿನ ನಿಕೊಲಾ ಆಂದ್ರಿ, 1741ರಲ್ಲಿ. ಮಕ್ಕಳ ಸೊಟ್ಟ ಮೂಳೆ ನೆಟ್ಟಗೆ ಮಾಡುವುದು ಅನ್ನುವ ಅರ್ಥ ಅವರದ್ದು. ಈಗ ಎಪ್ಪತ್ತರ ಅಜ್ಜಿಯ ಮೊಣಕಾಲು ಬದಲಿಸುವವರೂ ಆರ್ಥೋಪೀಡಿಕ್ ಸರ್ಜನ್ನರೇ. ಅನಾಟಮಿಯ ಮೊದಲ ಭಾಗ ಮೇಷ್ಟ್ರು ಹೇಳಿದ 'ಇಲ್ಲ' ಅನ್ನುವ ಅನ್ ಅಲ್ಲ, 'ಅನಾ' ಅನ್ನುವ ಬೇರೆ ತುಂಡು. 'ಓಮಾ' ಅಂದರೆ ಗಡ್ಡೆ ಅಂತ ಬರೆಸುತ್ತಾರೆ. ಹೆಮಟೋಮಾ ನೋಡಿ ಕ್ಯಾನ್ಸರ್ ಅಂದುಕೊಂಡು ಮನೆಯವರು ಅಳುವುದನ್ನು ನೋಡಿದ್ದೇನೆ. ಅದು ಪೆಟ್ಟು ಬಿದ್ದಲ್ಲಿ ಕಟ್ಟಿಕೊಂಡ ರಕ್ತ.

ಕೆಲವು ಪದಗಳಲ್ಲಿ ಹಳೆಯ ಕಾಲದ ತಪ್ಪು ತಿಳುವಳಿಕೆ ಹಾಗೇ ಉಳಿದಿದೆ. ಮಲೇರಿಯಾ ಅಂದರೆ ಇಟಾಲಿಯನ್ನಿನಲ್ಲಿ ಕೆಟ್ಟ ಗಾಳಿ. ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ 1897ರಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಆ ರೋಗದ ಪರಾವಲಂಬಿ ಜೀವಿಯನ್ನು ಕಂಡ ಮೇಲೂ ಹೆಸರು ಬದಲಾಗಲಿಲ್ಲ. ವಿಟಮಿನ್ ಅನ್ನು 1912ರಲ್ಲಿ ಕಾಸಿಮಿರ್ ಫಂಕ್ 'ವೀಟಾ' ಅಂದರೆ ಜೀವ, 'ಅಮೀನ್' ಅಂದರೆ ಒಂದು ಜಾತಿಯ ರಾಸಾಯನಿಕ, ಇವೆರಡನ್ನು ಸೇರಿಸಿ ಮಾಡಿದರು. ಎಲ್ಲವೂ ಅಮೀನ್ ಅಲ್ಲ ಅಂತ ಆಮೇಲೆ ಗೊತ್ತಾಗಿ ಕೊನೆಯ ಇ ಅಕ್ಷರ ತೆಗೆದರು.

ಇನ್ನೊಂದು, ಕನ್ನಡದಲ್ಲಿ ನೋಟ್ಸ್ ಬರೆಯುವವರಿಗೆ. ಇಲಿಯಂ ಅಂತ ಬರೆದರೆ ಅದು ಸಣ್ಣ ಕರುಳಿನ ಕೊನೆಯ ಭಾಗವೂ ಆಗಬಹುದು, ಸೊಂಟದ ಮೂಳೆಯೂ ಆಗಬಹುದು. ಕರುಳಿಗೆ ಐ-ಎಲ್-ಇ, ಮೂಳೆಗೆ ಐ-ಎಲ್-ಐ. ಪಕ್ಕದಲ್ಲಿ ಇಂಗ್ಲಿಷ್ ಸ್ಪೆಲ್ಲಿಂಗ್ ಬರೆದುಕೊಳ್ಳಿ.

ಬೆಳ್ಳಿಚುಕ್ಕಿ

ಅಕ್ಕ, ಮೇಷ್ಟ್ರೇ, ಅಣ್ಣಂದಿರೇ, ಎಲ್ಲರಿಗೂ ತುಂಬಾ ತುಂಬಾ ಥ್ಯಾಂಕ್ಸ್. ಹಾಸ್ಟೆಲಿನಲ್ಲಿ ನಾವು ನಾಲ್ಕು ಜನ ಕೂತು ಇದನ್ನೆಲ್ಲ ಓದಿದೆವು. ನೋಟ್‌ಬುಕ್ಕೂ ಮಾಡಿದ್ದೇವೆ. ಎ, ಬಿ, ಸಿ, ಡಿ ಕ್ರಮ ಬಿಟ್ಟು ಕೊನೆಯ ತುಂಡಿನ ಪ್ರಕಾರ ಹಾಳೆ ಮಾಡಿದ್ದೇವೆ. ಐಟಿಸ್‌ಗೆ ಒಂದು ಹಾಳೆ, ಎಕ್ಟಮಿಗೆ ಒಂದು.

ನಾವೇ ಒಡೆದದ್ದು ಸರಿಯಾ ನೋಡಿ. ಆಸ್ಟಿಯೋಆರ್ಥ್ರೈಟಿಸ್: ಮೂಳೆ, ಕೀಲು, ಉರಿಯೂತ. ಟ್ಯಾಕಿಕಾರ್ಡಿಯಾ: ಜೋರು, ಹೃದಯ. ಆಲಿಗೂರಿಯಾ: ಕಡಿಮೆ, ಮೂತ್ರ. ಲ್ಯೂಕೋಪೀನಿಯಾ: ಬಿಳಿ, ಕೊರತೆ. ಇಲ್ಲಿ ರಕ್ತ ಅನ್ನುವ ತುಂಡೇ ಸಿಗಲಿಲ್ಲ.

ಮೂರು ಪ್ರಶ್ನೆ ಉಳಿದಿವೆ. ಡಯಾಬಿಟಿಸ್‌ನ ಕೊನೆಯಲ್ಲಿ 'ಇಟಿಸ್' ಇದೆಯಲ್ಲ, ಅದು ಯಾವುದರ ಉರಿಯೂತ? ಟೀಚರ್ ಅಂದರೆ ಟೀಚ್ ಮಾಡುವವರು, ಹಾಗಾದರೆ ಸಿಸ್ಟರ್, ಡಾಕ್ಟರ್ ಇವನ್ನೂ ಒಡೆಯಬಹುದಾ? ನಮ್ಮ ರೂಮ್‌ಮೇಟ್ ಸಿಸ್ಟರ್‌ನಲ್ಲಿ 'ಸಿಸ್ಟ್' ಇದೆ, ಚೀಲ ಅಂತ ಹಟ ಮಾಡುತ್ತಿದ್ದಾಳೆ. ಮೂರನೆಯದು, ಹೈಪರ್, ಹೈಪೋ ಫೋನಿನಲ್ಲಿ ಹೇಳುವಾಗ ಏನು ಮಾಡಬೇಕು? ಮುಂದಿನ ತಿಂಗಳು ನಮ್ಮನ್ನು ಮೆಡಿಸಿನ್ ವಾರ್ಡಿಗೆ ಹಾಕುತ್ತಾರಂತೆ.

ವಾರ್ಡಿನ ಅಕ್ಕ, ದಾವಣಗೆರೆ

ಚೆನ್ನಾಗಿ ಒಡೆದಿದ್ದೀರಿ. ಎಲ್ಲವೂ ಸರಿ. ಆಸ್ಟಿಯೋಆರ್ಥ್ರೈಟಿಸ್‌ಗೆ ಮಾತ್ರ ಒಂದು ಸೇರಿಸಿಕೊಳ್ಳಿ. ಹೆಸರಿನಲ್ಲಿ ಉರಿಯೂತ ಇದ್ದರೂ ಅಲ್ಲಿ ಮುಖ್ಯವಾಗಿ ಆಗಿರುವುದು ಕೀಲಿನ ಸವೆತ. ಪೇಷಂಟಿಗೆ ಹೇಳುವಾಗ "ಕೀಲು ಸವೆದಿದೆ" ಅಂತಲೇ ಹೇಳಿ. ಆಲಿಗೂರಿಯಾ ಅಂದರೆ ದ್ರವದ ಚಾರ್ಟಿನಲ್ಲಿ ದೊಡ್ಡವರಿಗೆ 24 ಗಂಟೆಯಲ್ಲಿ 400 ಎಂಎಲ್‌ಗಿಂತ ಕಡಿಮೆ ಮೂತ್ರ. ಪದದ ಪಕ್ಕದಲ್ಲಿ ಆ ಸಂಖ್ಯೆಯನ್ನೂ ಬರೆದುಕೊಳ್ಳಿ, ಬರೀ 'ಕಡಿಮೆ' ಸಾಲದು. ಲ್ಯೂಕೋಪೀನಿಯಾದಲ್ಲಿ ರಕ್ತದ ತುಂಡು ಇಲ್ಲ ಅಂತ ಕಂಡುಹಿಡಿದದ್ದು ಒಳ್ಳೆಯದಾಯಿತು. ಬಿಳಿ ರಕ್ತಕಣಕ್ಕೆ ಲ್ಯೂಕೋಸೈಟ್ ಅನ್ನುತ್ತೇವೆ. ಆ 'ಸೈಟ್' ಅಂದರೆ ಕಣ. ಪದ ಉದ್ದವಾದೀತು ಅಂತ ಅದನ್ನು ಬಿಟ್ಟಿದ್ದಾರೆ.

ಡಯಾಬಿಟಿಸ್‌ನಲ್ಲಿ ಐಟಿಸ್ ಇಲ್ಲ. ಸ್ಪೆಲ್ಲಿಂಗ್ ನೋಡಿ, ಕೊನೆ ಇ-ಟಿ-ಇ-ಎಸ್. ಉರಿಯೂತಕ್ಕೆ ಐ-ಟಿ-ಐ-ಎಸ್, ಅದನ್ನು 'ಐಟಿಸ್' ಅಂತ ಎಳೆದು ಹೇಳುತ್ತೇವೆ. ಡಯಾಬಿಟಿಸ್ ಗ್ರೀಕಿನಲ್ಲಿ ಹಾದು ಹೋಗುವುದು ಅನ್ನುವ ಪದ: 'ಡಯಾ' ಮೂಲಕ, ಉಳಿದದ್ದು ಹೋಗುವುದು. ಕುಡಿದ ನೀರೆಲ್ಲ ಮೈಯಲ್ಲಿ ನಿಲ್ಲದೆ ಮೂತ್ರವಾಗಿ ಹೋಗುತ್ತದೆ ಅನ್ನುವುದನ್ನು ನೋಡಿ ಇಟ್ಟ ಹೆಸರು. ಪೂರ್ತಿ ಹೆಸರು ಡಯಾಬಿಟಿಸ್ ಮೆಲಿಟಸ್. ಮೆಲಿಟಸ್ ಅಂದರೆ ಜೇನಿನ ಸಿಹಿ. ನಮ್ಮ ಮಧುಮೇಹವೂ ಅದೇ: ಮಧು, ಮೇಹ. ಎರಡೂ ಕಡೆ ಹಳಬರು ಮೂತ್ರ ಸಿಹಿ ಅನ್ನುವುದನ್ನು ಗಮನಿಸಿದ್ದರು. ಡಯಾಬಿಟಿಸ್ ಇನ್ಸಿಪಿಡಸ್ ಅಂತ ಬೇರೆ ಕಾಯಿಲೆಯೂ ಇದೆ. ಇನ್ಸಿಪಿಡಸ್ ಅಂದರೆ ರುಚಿ ಇಲ್ಲದ್ದು. ಅಲ್ಲಿಯೂ ಮೂತ್ರ ಬಹಳ, ಆದರೆ ಸಕ್ಕರೆ ಇಲ್ಲ. ಡಯಾಬಿಟಿಸ್ ಅಂತ ಕಂಡ ಕೂಡಲೇ ಶುಗರ್ ಅಂತ ಬರೆದುಬಿಡಬೇಡಿ, ಮುಂದಿನ ಪದ ಓದಿ.

ಟೀಚರ್ ಒಡೆಯುತ್ತದೆ. ಡಾಕ್ಟರ್ ಕೂಡ ಒಡೆಯುತ್ತದೆ, ಲ್ಯಾಟಿನ್ ಕಡೆಯಿಂದ: 'ಡಾಕ್ಟ್' ಕಲಿಸು, 'ಅರ್' ಮಾಡುವವರು. ಮೂಲದಲ್ಲಿ ಡಾಕ್ಟರ್ ಅಂದರೂ ಟೀಚರ್ ಅಂದರೂ ಒಂದೇ, ಪಿಎಚ್‌ಡಿ ಮಾಡಿದವರಿಗೂ ಡಾಕ್ಟರ್ ಅನ್ನುವುದು ಅದಕ್ಕೇ. ಸಿಸ್ಟರ್ ಒಡೆಯುವುದಿಲ್ಲ. ಸಿಸ್ಟ್ ಮಾಡುವವರು ಅಂತ ಯಾರೂ ಇಲ್ಲ, ಅಲ್ವಾ? ಅದು ಇಡಿಯಾಗಿ ಒಂದೇ ಪದ. ಚೀಲದ ಸಿಸ್ಟ್ ಸಿ-ವೈ, ಸಿಸ್ಟರ್ ಎಸ್-ಐ. ನಿಮ್ಮ ರೂಮ್‌ಮೇಟ್‌ಗೆ ಇದನ್ನು ಬರೆದು ತೋರಿಸು. ಕತ್ತರಿಸಿದ ಎರಡೂ ತುಂಡಿಗೆ ಅರ್ಥ ಇದ್ದರೆ ಮಾತ್ರ ಅದು ಜೋಡಿಸಿದ ಪದ. ಒಂದಕ್ಕೆ ಮಾತ್ರ ಇದ್ದರೆ ಅನುಮಾನ ಪಡಬೇಕು, ಡಿಕ್ಷನರಿ ತೆಗೆಯಬೇಕು.

ಇನ್ನು ಹೈಪರ್, ಹೈಪೋ. ಫೋನಿನಲ್ಲಿ ಆ ಪದವನ್ನು ಒಂದೇ ಹೇಳಬೇಡಿ. ಪೇಷಂಟ್ ಹೆಸರು, ಬೆಡ್ ನಂಬರ್, ಆಮೇಲೆ ಸಂಖ್ಯೆ. "ಗ್ಲೂಕೋಸ್ 54 ಇದೆ ಡಾಕ್ಟರ್, ಕಡಿಮೆ ಇದೆ, ಬೆವರುತ್ತಿದ್ದಾರೆ, ಕರೆದರೆ ಮಾತಾಡುತ್ತಾರೆ" ಅಂತ ಹೇಳಿ. 70ಕ್ಕಿಂತ ಕೆಳಗೆ ಅಂದರೆ ಹೈಪೋ ಅಂತ ಅವರಿಗೆ ಗೊತ್ತಿರುತ್ತದೆ. ಅವರು ಹೇಳಿದ ಆರ್ಡರನ್ನು ನೀವು ಗಟ್ಟಿಯಾಗಿ ತಿರುಗಿ ಹೇಳಿ, ಅವರು ಹೌದು ಅಂದ ಮೇಲೆ ಬರೆಯಿರಿ. ನೀವಿನ್ನೂ ಮೊದಲ ವರ್ಷದವರು, ಫೋನಿನ ಆರ್ಡರ್ ತಗೊಳ್ಳುವುದು ಸ್ಟಾಫ್ ನರ್ಸ್ ಕೆಲಸ. ಪಕ್ಕದಲ್ಲಿ ನಿಂತು ಅವರು ಹೇಗೆ ಹೇಳುತ್ತಾರೆ ಅಂತ ಕೇಳಿಸಿಕೊಳ್ಳಿ. ಮೆಡಿಸಿನ್ ವಾರ್ಡಿಗೆ ಹೋಗುವ ಮೊದಲು 'ಈಮಿಯಾ', 'ಊರಿಯಾ', 'ಪ್ನಿಯಾ' ಈ ಮೂರು ಹಾಳೆ ತುಂಬಿಸಿಕೊಳ್ಳಿ. ಅಲ್ಲಿ ಜಾಸ್ತಿ ಸಿಗುವುದು ಇವೇ.